ಎರಡು ವರ್ಷವಾಯಿತು, ಇಪ್ಪತ್ತೇ ಜನ: ನಮ್ಮ ಸಭೆ ಸೋತಿದೆಯೇ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಹೊಸ ಸಭೆ, ಅಂದರೆ ಚರ್ಚು, ಆರಂಭಿಸಿದ ಬ್ಯಾಪ್ಟಿಸ್ಟ್ ಸಭಾಪಾಲಕರೊಂದಿಗೆ (ಪಾಸ್ಟರರೊಂದಿಗೆ) ಮಾತಿಗೆ ಕುಳಿತರೆ ಚಹಾ ಆರುವುದರೊಳಗೆ ಬಂದೇ ಬರುತ್ತದೆ. ನನ್ನ ಉತ್ತರವೂ ಬದಲಾಗಿಲ್ಲ: ಸೋತಿಲ್ಲ. ಆ ಇಪ್ಪತ್ತು ಜನರಲ್ಲಿ ಒಬ್ಬರು ಎರಡು ಭಾನುವಾರ ಕಾಣದಿದ್ದರೆ ಮೂರನೆಯದಕ್ಕೆ ಮುಂಚೆ ಯಾರಾದರೂ ಅವರ ಬಾಗಿಲು ತಟ್ಟುತ್ತಾರೆಯೇ? ಕಾಣಿಕೆಯ ಲೆಕ್ಕವನ್ನು ಸದಸ್ಯರ ಮುಂದೆ ಓದುತ್ತೀರಾ? ನೀವು ಜ್ವರ ಬಂದು ಮಲಗಿದರೆ ವಾಕ್ಯ ಬೋಧಿಸಲು ಇನ್ನೊಬ್ಬರಿದ್ದಾರೆಯೇ? ಸಭೆಯ ಆರೋಗ್ಯವನ್ನು ಅಲ್ಲಿ ನೋಡಿ.

“ಆಂಧ್ರದ ಓಂಗೋಲಿನಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದರಲ್ಲ?” ಎಂದು ಕೂಡಲೇ ಕೇಳುತ್ತಾರೆ. ದೇವರ ಆಶೀರ್ವಾದವಿದ್ದರೆ ಜನ ತುಂಬಲೇಬೇಕು, ತುಂಬದಿದ್ದರೆ ಸೇವಕನಲ್ಲೇ ಕೊರತೆ ಎಂಬ ನಂಬಿಕೆ ಎಷ್ಟು ಕಿತ್ತರೂ ಗರಿಕೆಯಂತೆ ಮತ್ತೆ ಚಿಗುರುತ್ತದೆ. ಅದಕ್ಕೆ ಸಾಕ್ಷಿಯಾಗಿ ತರುವ ಓಂಗೋಲೇ ಅದನ್ನು ಸುಳ್ಳು ಮಾಡುತ್ತದೆ. ದಯವಿಟ್ಟು ಕಥೆಯನ್ನು ಪೂರ್ತಿ ಕೇಳಿ.

ತೆಲುಗು ಜನರ ನಡುವೆ ಅಮೆರಿಕದ ಬ್ಯಾಪ್ಟಿಸ್ಟರ ಮಿಷನರಿ ಸೇವೆ 1836ರಲ್ಲಿ ಆರಂಭವಾಯಿತು. 1853ರ ಹೊತ್ತಿಗೂ ಇದ್ದದ್ದು ನೆಲ್ಲೂರಿನ ಒಂದೇ ಕೇಂದ್ರ, ಬೆರಳೆಣಿಕೆಯ ವಿಶ್ವಾಸಿಗಳು. ಅದನ್ನು ಮುಚ್ಚಿಬಿಡೋಣವೇ ಎಂದು ಅಮೆರಿಕದಲ್ಲಿ ಚರ್ಚೆಯೇ ನಡೆಯಿತು. 1854ರ ಹೊಸ ವರ್ಷದ ಮುಂಜಾನೆ ಓಂಗೋಲಿನ ಗುಡ್ಡ ಹತ್ತಿ ಆ ಸೀಮೆಗಾಗಿ ಪ್ರಾರ್ಥಿಸಿದವರು ಐದು ಜನ: ಮಿಷನರಿ ಜೂಯೆಟ್ ದಂಪತಿ ಮತ್ತು ಮೂವರು ತೆಲುಗು ವಿಶ್ವಾಸಿಗಳು. ಅಲ್ಲಿ ಸಭೆ ಸ್ಥಾಪನೆಯಾದದ್ದು 1867ರಲ್ಲಿ, ಎಂಟು ಸದಸ್ಯರೊಂದಿಗೆ. ನಿಮ್ಮಲ್ಲಿ ಇಪ್ಪತ್ತು ಜನರಿದ್ದಾರೆ!

ಇನ್ನು ಆ 2,222ರ ಮಾತು. 1876-78ರ ಬರ ನಮ್ಮ ಮೈಸೂರು ಸೀಮೆಯನ್ನೂ ಸುಟ್ಟ ಬರ. ಆಗ ಓಂಗೋಲಿನ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಜನ ಗುಂಪುಗುಂಪಾಗಿ ದೀಕ್ಷಾಸ್ನಾನ ಕೇಳಿದರು. ಅವರು ಕೊಡಲಿಲ್ಲ. ಯಾರು ಅನ್ನಕ್ಕಾಗಿ ಬಂದರು, ಯಾರು ವಿಶ್ವಾಸದಿಂದ ಬಂದರು ಎಂದು ತಿಳಿಯದ ಹೊತ್ತಿನಲ್ಲಿ ಯಾರನ್ನೂ ನೀರಿಗಿಳಿಸದೆ ವರ್ಷಕ್ಕೂ ಮಿಕ್ಕಿ ಕಾದರು. ಇನ್ನು ಹಂಚಲು ಹಣವಿಲ್ಲವೆಂದು ತಿಳಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಆರು ಬೋಧಕರು ಒಮ್ಮೆಗೆ ಇಬ್ಬರಂತೆ, ಸರದಿಯ ಮೇಲೆ ಸಂಜೆಯವರೆಗೆ ನೀರಿನಲ್ಲಿ ನಿಂತರು. ಬಂದ ಜನರನ್ನು ಕಾಯಿಸಿದ ಮನುಷ್ಯನ ಹೆಸರು ಹೇಳಿ ಇಪ್ಪತ್ತು ಜನರ ಸಭಾಪಾಲಕನನ್ನು ಕುಗ್ಗಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯಾರೂ ನೇರವಾಗಿ ಕೇಳದ ಇನ್ನೊಂದು ಸಂಗತಿಯಿದೆ: ಹೊಸ ಸಭೆಯನ್ನು ಹುಟ್ಟುಹಾಕಿದ ತಾಯಿ ಸಭೆ ಅದಕ್ಕೆ ಎಲ್ಲಿಯವರೆಗೆ ಹಣ ಕೊಡಬೇಕು? ನಮ್ಮ ಬ್ಯಾಪ್ಟಿಸ್ಟರಲ್ಲಿ ಬಿಷಪ್ಪರು ಸಭಾಪಾಲಕರನ್ನು ಕಳುಹಿಸುವ ಪದ್ಧತಿಯಿಲ್ಲ. ಸದಸ್ಯರೇ ಸೇರಿ ಆರಿಸಿಕೊಳ್ಳುತ್ತಾರೆ. ಸಭೆ ಸೇರುವ ಜಾಗದ ಬಾಡಿಗೆಯನ್ನು ಪೂರ್ತಿ ಬೇರೆಯವರು ಕಟ್ಟುತ್ತಿದ್ದರೆ ಆ ಹಕ್ಕು ಬಾಯಿಮಾತಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲ ವರ್ಷವೇ ಒಂದು ಪಾಲನ್ನಾದರೂ ಸದಸ್ಯರ ಕಾಣಿಕೆಯಿಂದಲೇ ಕಟ್ಟಿ. ಕಳೆದ ವಾರ ಒಬ್ಬ ಸಭಾಪಾಲಕರು ತಮ್ಮ ಸಭೆಯ ಲೆಕ್ಕದ ನೋಟ್‌ಬುಕ್ ತೋರಿಸಿದರು. ಕರೆಂಟ್ ಬಿಲ್ಲು, ಎರಡು ಚಾಪೆ, ಸದಸ್ಯೆಯೊಬ್ಬರ ಹೆರಿಗೆ ಖರ್ಚಿಗೆ ಕೊಟ್ಟದ್ದು, ಬಾಡಿಗೆಯಲ್ಲಿ ಅರ್ಧ. ಪುಟದ ಕೆಳಗೆ ಮೂವರ ಸಹಿ, ಅದರಲ್ಲೊಂದು ಹೆಬ್ಬೆಟ್ಟು. ಅವರ ಸಭೆಯಲ್ಲಿರುವುದು ಹದಿನೇಳು ಜನ.