ಸ್ವಂತ ಮೇಲ್ ಸರ್ವರ್: ಡಿಎನ್‌ಎಸ್‌ನಿಂದ ಶುರು ಮಾಡೋಣ

ಲಿನಕ್ಸ್‌ನಲ್ಲಿ ಮೇಲ್ ಸರ್ವರ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಪೋಸ್ಟ್‌ಫಿಕ್ಸ್ ಇನ್‌ಸ್ಟಾಲ್ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಸರ್ವರ್ ಬೇಗ ಎದ್ದು ನಿಂತಿತು, ಕಳಿಸಿದ ಮೊದಲ ಮೇಲ್ ನೇರ ಸ್ಪ್ಯಾಮ್ ಫೋಲ್ಡರ್ ಸೇರಿತು. ಮೇಲ್ ಕಳಿಸುವುದು ಸುಲಭ, ಎದುರಿನ ಸರ್ವರ್ ಅದನ್ನು ನಂಬಬೇಕಲ್ವಾ? ಆ ನಂಬಿಕೆಯ ಅರ್ಧಕ್ಕಿಂತ ಜಾಸ್ತಿ ಕೆಲಸ ಡಿಎನ್‌ಎಸ್‌ನಲ್ಲೇ, ಅಂದರೆ ಡೊಮೇನ್ ಹೆಸರಿನ ವಿವರಗಳನ್ನು ಎಲ್ಲರಿಗೂ ತಿಳಿಸುವ ದಾಖಲೆಗಳಲ್ಲೇ ಇದೆ.

ಯಾರ ಕೆಲಸ ಏನು ಎಂದು ಮೊದಲು ನೋಡೋಣ. ಬೇರೆ ಸರ್ವರ್‌ಗಳ ಜೊತೆ ಮೇಲ್ ಕೊಟ್ಟು ತೆಗೆದುಕೊಳ್ಳುವುದು ಪೋಸ್ಟ್‌ಫಿಕ್ಸ್. ಬಂದ ಮೇಲ್ ಅನ್ನು ಡಿಸ್ಕ್‌ನಲ್ಲಿಟ್ಟು, ನಮ್ಮ ಫೋನಿಗೆ ಐಮ್ಯಾಪ್ ಎಂಬ ಮೇಲ್ ಓದುವ ಪದ್ಧತಿಯಲ್ಲಿ ತೋರಿಸುವುದು ಡೊವ್‌ಕಾಟ್. ಸರ್ವರ್‌ಗಳ ನಡುವಿನ ಮಾತುಕತೆ ಪೋರ್ಟ್ 25ರಲ್ಲಿ. ನಮ್ಮ ಫೋನು ಮೇಲ್ ಕಳಿಸುವುದು 587 ಅಥವಾ 465ರಲ್ಲಿ, ಓದುವುದು 993ರಲ್ಲಿ. ಬಾಡಿಗೆ ಸರ್ವರ್ ಕೊಡುವ ಎಷ್ಟೋ ಕಡೆ ಹೊರಗೆ ಹೋಗುವ 25ನ್ನು ಮುಚ್ಚಿಟ್ಟಿರುತ್ತಾರೆ. ಇದನ್ನು ಮೊದಲೇ ಪರೀಕ್ಷಿಸಿ. ಅದು ತೆರೆಯದಿದ್ದರೆ ಮುಂದಿನದೆಲ್ಲ ವ್ಯರ್ಥ.

ಈಗ ಎಸ್‌ಎಂಟಿಪಿ ಮಾತುಕತೆ, ಅಂದರೆ ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿ. ಇದನ್ನು ಒಮ್ಮೆ ಟೆಲ್ನೆಟ್‌ನಲ್ಲಿ (ಬೇರೆ ಸರ್ವರ್‌ನ ಪೋರ್ಟ್‌ಗೆ ನೇರ ಟೈಪಿಸಲು ಬಿಡುವ ಕಮಾಂಡ್) ಕೈಯಾರೆ ಮಾಡಿ ನೋಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಎದುರಿನ ಸರ್ವರ್ 220 ಎಂದು ಸ್ವಾಗತಿಸುತ್ತದೆ. ನೀವು 'ಏಲೋ' (EHLO) ಎಂದು ಟೈಪಿಸಿ ನಿಮ್ಮ ಹೆಸರು ಹೇಳುತ್ತೀರಿ, 250 ಬರುತ್ತದೆ. 'ಮೇಲ್ ಫ್ರಮ್' ಎಂದು ಕಳಿಸುವವರ ವಿಳಾಸ, ಮತ್ತೆ 250. 'ಆರ್‌ಸಿಪಿಟಿ ಟು' ಎಂದು ಪಡೆಯುವವರ ವಿಳಾಸ, ಮತ್ತೆ 250. ಆ ವಿಳಾಸ ಅಲ್ಲಿ ಇಲ್ಲದಿದ್ದರೆ 550. 'ಡೇಟಾ' ಎಂದರೆ 354 ಬರುತ್ತದೆ. ಆಮೇಲೆ ಪತ್ರ ಬರೆದು, ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ ಇಟ್ಟು ಎಂಟರ್ ಒತ್ತಿದರೆ ಮುಗಿಯಿತು.

ಇದರಲ್ಲಿ ಎಲ್ಲೂ ನೀವು ನಿಜಕ್ಕೂ ಯಾರು ಎಂದು ಕೇಳಲಿಲ್ಲ, ಗಮನಿಸಿದಿರಾ? 1982ರಲ್ಲಿ ಈ ಪದ್ಧತಿ ಬರೆದಾಗ ನೆಟ್‌ವರ್ಕ್ ಚಿಕ್ಕದಿತ್ತು, ಅಲ್ಲಿದ್ದವರು ಒಬ್ಬರನ್ನೊಬ್ಬರು ನಂಬುತ್ತಿದ್ದರು. ಇನ್ನೊಂದು ಸಂಗತಿ: 'ಮೇಲ್ ಫ್ರಮ್'ನಲ್ಲಿ ಹೇಳಿದ್ದು ಲಕೋಟೆಯ ಮೇಲಿನ ವಿಳಾಸ. ಓದುವವರಿಗೆ ಕಾಣುವ 'ಫ್ರಮ್' ಪತ್ರದ ಒಳಗೆ ಬರೆದದ್ದು. ಎರಡೂ ಬೇರೆ ಬೇರೆ ಇರಬಹುದು. ಮುಂದೆ ಬರುವ ಮೂರು ಡಿಎನ್‌ಎಸ್ ದಾಖಲೆಗಳು (ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್) ಅರ್ಥವಾಗಲು ಈ ವ್ಯತ್ಯಾಸ ತಲೆಯಲ್ಲಿರಬೇಕು.

ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಈ ಡೊಮೇನ್ ಹೆಸರಲ್ಲಿ ಯಾವ ಐಪಿಗಳು (ಸರ್ವರ್‌ನ ಅಂಕಿ ವಿಳಾಸಗಳು) ಮೇಲ್ ಕಳಿಸಬಹುದು ಎಂದು ಡಿಎನ್‌ಎಸ್‌ನ ಒಂದು ಟಿಎಕ್ಸ್‌ಟಿ (ಪಠ್ಯ) ದಾಖಲೆಯಲ್ಲಿ ಬರೆಯುತ್ತೇವೆ. ಡಿಕಿಮ್ ಸಹಿ ಇದ್ದಂತೆ. ಸರ್ವರ್ ತನ್ನ ಗುಟ್ಟಿನ ಕೀಯಿಂದ ಪತ್ರಕ್ಕೆ ಸಹಿ ಹಾಕುತ್ತದೆ, ಆ ಸಹಿ ಪರೀಕ್ಷಿಸುವ ಸಾರ್ವಜನಿಕ ಕೀ ಡಿಎನ್‌ಎಸ್‌ನಲ್ಲಿ ಇರುತ್ತದೆ. ಆದರೆ ಇವೆರಡೂ ಪಾಸಾದರೂ ಕಣ್ಣಿಗೆ ಕಾಣುವ 'ಫ್ರಮ್' ಸುಳ್ಳಿರಬಹುದು! ಆ ಕಿಂಡಿ ಮುಚ್ಚುವುದೇ ಡಿಮಾರ್ಕ್. ಎರಡರಲ್ಲಿ ಒಂದಾದರೂ ಪಾಸಾಗಿ, ಅದರ ಡೊಮೇನು ಕಾಣುವ 'ಫ್ರಮ್' ಡೊಮೇನಿಗೆ ಹೊಂದಬೇಕು ಎನ್ನುತ್ತದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000 ಅಥವಾ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯ ಎಂದು ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿದೆ. ನಮ್ಮದು ದಿನಕ್ಕೆ ಐದೇ ಮೇಲ್ ಇರಲಿ, ಮೂರನ್ನೂ ಹಾಕಿ.

ಡಿಕಿಮ್‌ನಲ್ಲಿ ನನಗೆ ಒಂದಿಡೀ ಸಂಜೆ ಹೋಯಿತು. 2048 ಬಿಟ್‌ನ ಕೀ ಮಾಡಿ, ಸಾರ್ವಜನಿಕ ಭಾಗವನ್ನು ಡಿಎನ್‌ಎಸ್ ಪುಟದಲ್ಲಿ ಪೇಸ್ಟ್ ಮಾಡಿದ್ದೆ. ಪರೀಕ್ಷೆಯಲ್ಲಿ ಪ್ರತಿ ಸಲವೂ ಫೇಲ್. ಸರ್ವರ್ ಸಂರಚನೆಯನ್ನು ಮೂರು ಸಲ ಬರೆದೆ. ಕೊನೆಗೆ ಡಿಗ್ ಕಮಾಂಡ್ ಕೊಟ್ಟು ದಾಖಲೆಯನ್ನೇ ತರಿಸಿ ನೋಡಿದರೆ ಕೀ ನಡುವಲ್ಲೇ ನಿಂತಿತ್ತು. ಎಣಿಸಿದೆ, ಸರಿಯಾಗಿ 255 ಅಕ್ಷರ. ಟಿಎಕ್ಸ್‌ಟಿ ದಾಖಲೆಯಲ್ಲಿ ಒಂದು ತುಂಡು 255ಕ್ಕಿಂತ ಉದ್ದ ಇರುವಂತಿಲ್ಲ, ಆ ಪುಟ ಸುಮ್ನೆ ಉಳಿದದ್ದನ್ನು ಕತ್ತರಿಸಿಬಿಟ್ಟಿತ್ತು. ಕೀಯನ್ನು ಎರಡು ತುಂಡು ಮಾಡಿ, ಪ್ರತಿಯೊಂದನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು ಒಂದೇ ದಾಖಲೆಯಲ್ಲಿ ಹಾಕಿದೆ, ಸಹಿ ಪಾಸಾಯಿತು. ಪುಟದಲ್ಲಿ ಕಾಣುವುದನ್ನು ನಂಬಬೇಡಿ, ಡಿಗ್ ಹೇಳುವುದನ್ನು ನಂಬಿ.

ಪಿಟಿಆರ್ ದಾಖಲೆಯಲ್ಲಿ ಬಹಳ ಜನ ಎಡವುತ್ತಾರೆ. ಐಪಿಯಿಂದ ಹೆಸರು ಹುಡುಕುವ ದಾಖಲೆ ಇದು. ಡೊಮೇನ್ ಕೊಂಡ ಕಡೆ ಇದನ್ನು ಹುಡುಕಿದರೆ ಸಿಗದು. ಐಪಿ ಯಾರದ್ದೋ ಅವರ ಕಡೆ, ಅಂದರೆ ಸರ್ವರ್ ಬಾಡಿಗೆ ಕೊಟ್ಟವರ ಪುಟದಲ್ಲಿ ಇರುತ್ತದೆ. ಐಪಿಯಿಂದ ಬಂದ ಹೆಸರು ಮತ್ತೆ ಅದೇ ಐಪಿಗೆ ಹೋಗಬೇಕು, ಪೋಸ್ಟ್‌ಫಿಕ್ಸ್‌ನ 'ಮೈಹೋಸ್ಟ್‌ನೇಮ್' ಕೂಡ ಅದೇ ಹೆಸರಿರಲಿ. ಸರ್ವರ್‌ಗೆ ಐಪಿವಿ6 ವಿಳಾಸವೂ ಇದ್ದರೆ ಪೋಸ್ಟ್‌ಫಿಕ್ಸ್ ಅದರಿಂದಲೂ ಮೇಲ್ ಕಳಿಸಬಹುದು. ಅದಕ್ಕೂ ಪಿಟಿಆರ್ ಇಡಿ, ಇಲ್ಲದಿದ್ದರೆ ಸದ್ಯಕ್ಕೆ ಪೋಸ್ಟ್‌ಫಿಕ್ಸ್‌ಗೆ ಐಪಿವಿ4 ಮಾತ್ರ ಬಳಸಲು ಹೇಳಿ.

ಪೋಸ್ಟ್‌ಫಿಕ್ಸ್ ಒಳಗೆ ಒಂದು ಸಾಲನ್ನು ಅರ್ಥವಾಗದೆ ಮುಟ್ಟಲೇಬೇಡಿ: ರಿಲೇ (ಬೇರೆಯವರ ಮೇಲ್ ಅನ್ನು ಮುಂದಕ್ಕೆ ಸಾಗಿಸುವುದು) ನಿರ್ಬಂಧದ ಸಾಲು. ನಮ್ಮದೇ ನೆಟ್‌ವರ್ಕ್‌ನವರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬಂದವರು ಎಲ್ಲಿಗೆ ಬೇಕಾದರೂ ಕಳಿಸಬಹುದು, ಉಳಿದವರು ನಮ್ಮ ಡೊಮೇನಿಗೆ ಮಾತ್ರ ಕಳಿಸಬಹುದು. ಇಷ್ಟೇ ಅದರ ಅರ್ಥ. ಇದು ಸಡಿಲವಾದರೆ ಸ್ಪ್ಯಾಮ್ ಕಳಿಸುವವರು ನಮ್ಮ ಸರ್ವರ್ ಬಳಸತೊಡಗುತ್ತಾರೆ, ನಮ್ಮ ಐಪಿ ಕಪ್ಪುಪಟ್ಟಿ ಸೇರುತ್ತದೆ. ಹೊರಗಿನ ಒಂದು ಕಂಪ್ಯೂಟರ್‌ನಿಂದ ಟೆಲ್ನೆಟ್ ಮಾಡಿ, ಬೇರೆ ಡೊಮೇನಿನ ವಿಳಾಸ ಕೊಟ್ಟು ನೋಡಿ. ರಿಲೇ ನಿರಾಕರಿಸಿದೆ ಎಂಬ ಉತ್ತರ ಬರಬೇಕು.

ಟಿಎಲ್‌ಎಸ್‌ಗೆ, ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿಡಲು, ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಉಚಿತ ಸರ್ಟಿಫಿಕೇಟ್ ಸಾಕು. ಸರ್ಟಿಫಿಕೇಟ್ ತಾನಾಗಿ ನವೀಕರಣವಾದಾಗಲೆಲ್ಲ ಡೊವ್‌ಕಾಟ್ ರೀಲೋಡ್ ಆಗುವಂತೆಯೂ ಮಾಡಿ. ಮರೆತರೆ ಹೊಸ ಸರ್ಟಿಫಿಕೇಟ್ ಡಿಸ್ಕ್‌ನಲ್ಲಿ ಇರುತ್ತದೆ, ಫೋನಿಗೆ ಮಾತ್ರ ಹಳೆಯದೇ ಕಾಣುತ್ತದೆ.

ಲಾಗ್ ಓದುವಾಗ ಉತ್ತರದ ಮೊದಲ ಅಂಕಿ ನೋಡಿ. 4 ಇದ್ದರೆ 'ಈಗ ಆಗಲ್ಲ, ಆಮೇಲೆ ಬಾ' ಎಂದರ್ಥ. ಪೋಸ್ಟ್‌ಫಿಕ್ಸ್ ಆ ಮೇಲ್ ಅನ್ನು ಸಾಲಿನಲ್ಲಿಟ್ಟು, ತಾನಾಗಿ 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೊಸ ಸರ್ವರ್‌ಗಳಿಗೆ ಇಂಥ ಉತ್ತರ ಮಾಮೂಲು, ಗಾಬರಿ ಬೇಡ. 5 ಇದ್ದರೆ ಖಡಾಖಂಡಿತ ಇಲ್ಲ ಎಂದು, ಮೇಲ್ ಕೂಡಲೇ ಹಿಂದಿರುಗುತ್ತದೆ. ಜೊತೆಗಿರುವ ವಾಕ್ಯವನ್ನು ಪೂರ್ತಿ ಓದಿ, ಕಾರಣ ಬಹುಪಾಲು ಅಲ್ಲೇ ಬರೆದಿರುತ್ತದೆ.

ಡಿಮಾರ್ಕ್ ನೀತಿಯನ್ನು, ಅಂದರೆ ಪರೀಕ್ಷೆಯಲ್ಲಿ ಫೇಲಾದ ಮೇಲ್ ಅನ್ನು ಏನು ಮಾಡಬೇಕೆಂಬ ಸೂಚನೆಯನ್ನು, ಮೊದಲ ದಿನವೇ 'ರಿಜೆಕ್ಟ್' (ತಿರಸ್ಕರಿಸು) ಮಾಡಬೇಡಿ. 'ನನ್' (none, ಏನೂ ಮಾಡಬೇಡ) ಎಂದಿಟ್ಟು, ವರದಿ ಬರಲು ಒಂದು ವಿಳಾಸ ಕೊಡಿ. ಕೆಲವು ವಾರ ವರದಿಗಳನ್ನು ನೋಡಿದಾಗ ನಿಮ್ಮ ಹೆಸರಲ್ಲಿ ಯಾವ ಯಾವ ಐಪಿಯಿಂದ ಮೇಲ್ ಹೋಗುತ್ತಿದೆ ಎಂದು ತಿಳಿಯುತ್ತದೆ. ನನ್ನ ವರದಿಯಲ್ಲಿ ಒಂದು ಗುರುತಿಲ್ಲದ ಐಪಿ ಇತ್ತು. ಹುಡುಕಿದರೆ, ನಾನೇ ಹಿಂದೆ ಮಾಡಿದ್ದ ಹಳೆಯ ವೆಬ್‌ಸೈಟಿನ ಸಂಪರ್ಕ ಫಾರ್ಮ್ ಅಲ್ಲಿಂದ ಮೇಲ್ ಕಳಿಸುತ್ತಿತ್ತು. ಅದನ್ನು ಹೊಸ ಸರ್ವರ್ ಮೂಲಕ ಹೋಗುವಂತೆ ಬದಲಿಸಿ, ಇನ್ನೆರಡು ವಾರ ವರದಿ ನೋಡಿ, ಆಮೇಲೆ ನೀತಿಯನ್ನು 'ಕ್ವಾರಂಟೈನ್' (ಸ್ಪ್ಯಾಮ್‌ಗೆ ಹಾಕು) ಮಾಡಿದೆ.