ಹಳೆಯ ಯೆಜ್ಡಿಯ ಹೆಡ್ ಪ್ಯಾಕಿಂಗ್: ಸೋರಿಕೆ ಎಲ್ಲಿ, ಏಕೆ

ಒಂದೇ ಬೈಕಿಗೆ ಒಂದೇ ವರ್ಷದಲ್ಲಿ ಮೂರು ಸಲ ಹೆಡ್ ಪ್ಯಾಕಿಂಗ್ ಹಾಕಿದ ಮೇಲೆ ಬರೆದುಕೊಂಡ ಟಿಪ್ಪಣಿ ಇದು. ಹೆಡ್ ಎಂದರೆ ಎಂಜಿನ್ನಿನ ಸಿಲಿಂಡರಿನ ಮೇಲಿನ ಮುಚ್ಚಳ; ಅವೆರಡರ ನಡುವೆ ಸೋರದಂತೆ ಇಡುವ ತೆಳು ಬಿಲ್ಲೆಯೇ ಹೆಡ್ ಪ್ಯಾಕಿಂಗ್. ಮೊದಲೆರಡು ಸಲ ಪ್ಯಾಕಿಂಗ್ ಕಳಪೆಯದೆಂದು ಬೈದುಕೊಂಡೆ. ಅದರದ್ದೇನೂ ತಪ್ಪಿರಲಿಲ್ಲ. ಸೊಟ್ಟಗಾದ ಹೆಡ್‌ನ ಕೆಳಗೆ ಎಂಥ ಹೊಸ ಪ್ಯಾಕಿಂಗ್ ಇಟ್ಟರೂ ಅದು ಸುಟ್ಟೇ ಸುಡುತ್ತದೆ ಎಂಬುದು ಮೂರನೆಯ ಸಲ ತಲೆಗೆ ಹೋಯಿತು.

ಗಾಡಿ ಯೆಜ್ಡಿ 250. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ, 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸುತ್ತಿದ್ದ ಬಳಗದ್ದು. ಒಂದು ಸಿಲಿಂಡರ್, ಎರಡು ಸ್ಟ್ರೋಕ್, ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ. ಎರಕದ ಕಬ್ಬಿಣದ ಸಿಲಿಂಡರಿನ ಮೇಲೆ ಅಲ್ಯೂಮಿನಿಯಂ ಹೆಡ್, ಅದನ್ನು ಅದುಮಿ ಹಿಡಿಯಲು ನಾಲ್ಕು ನಟ್. ಈ ಎರಡು ಲೋಹಗಳ ಜಗಳದಲ್ಲೇ ಅರ್ಧ ಕಥೆ ಇದೆ.

ಮೊದಲಿಗೆ ಒಂದು ಎಚ್ಚರಿಕೆ. ಹೆಡ್ ಪ್ಯಾಕಿಂಗ್ ಬಗ್ಗೆ ಸಿಗುವ ಹೆಚ್ಚಿನ ಸಲಹೆ ಕಾರುಗಳದ್ದು: ಆಯಿಲ್ ಹಾಲಿನಂತಾಗುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತದೆ ಇತ್ಯಾದಿ. ನಮ್ಮ ಎಂಜಿನ್ನಿನಲ್ಲಿ ನೀರೇ ಇಲ್ಲ, ಆಯಿಲ್ ಪೆಟ್ರೋಲಿನ ಜೊತೆಗೇ ಬೆರೆತು ಬರುತ್ತದೆ. ಹಾಗಾಗಿ ಇಲ್ಲಿನ ಲಕ್ಷಣಗಳೇ ಬೇರೆ. ಹೆಡ್ ಮತ್ತು ಸಿಲಿಂಡರ್ ಕೂಡುವ ಗೆರೆಯಲ್ಲಿ, ಫಿನ್‌ಗಳ (ಎಂಜಿನ್ ತಣಿಸುವ ಹೊರಗಿನ ಲೋಹದ ಪಟ್ಟಿಗಳ) ನಡುವೆ ಕಪ್ಪು ಜಿಡ್ಡು. ಏರು ಹತ್ತುವಾಗ ‘ಚುಸ್ ಚುಸ್’ ಎಂಬ ಸದ್ದು. ಕಿಕ್ ಹೊಡೆದರೆ ಕಾಲಿಗೆ ಮೊದಲಿನ ಬಿಗಿ ಸಿಗುವುದಿಲ್ಲ. ಬಿಸಿಯಾದ ಮೇಲೆ ಸ್ಟಾರ್ಟ್ ಮಾಡಲು ಹೆಣಗಾಡಬೇಕು.

ಜಿಡ್ಡು ಕಂಡ ಕೂಡಲೇ ಹೆಡ್ ಬಿಚ್ಚಬೇಡಿ. ಪ್ಲಗ್‌ನ ವಾಷರ್ ಸಡಿಲವಿದ್ದರೂ ಜಿಡ್ಡು ಅಲ್ಲಿಗೇ ಇಳಿದು ಬರುತ್ತದೆ. ಸಿಲಿಂಡರಿನ ಬುಡದ ಪ್ಯಾಕಿಂಗ್ ಹೋಗಿದ್ದರೆ ಅದು ಬೇರೆಯದೇ ಕಾಯಿಲೆ: ಸಿಲಿಂಡರಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯುವುದಿಲ್ಲ, ಪ್ಲಗ್ ಬೆಳ್ಳಗೆ ಸುಟ್ಟಿರುತ್ತದೆ. ಪತ್ತೆಗೆ ನನಗೆ ಒಗ್ಗಿದ ಉಪಾಯ ಸೋಪಿನ ನೀರು. ಸೀಮೆಎಣ್ಣೆಯಲ್ಲಿ ಸುತ್ತಲೂ ತೊಳೆದು ಒರೆಸಿ, ಕೂಡುಗೆರೆಗೆ ಬ್ರಷ್‌ನಿಂದ ದಪ್ಪನೆಯ ಸೋಪಿನ ನೀರು ಹಚ್ಚಿ, ತಣ್ಣಗಿರುವ ಎಂಜಿನ್ನಿಗೆ ನಿಧಾನವಾಗಿ ಕಿಕ್ ಕೊಡಬೇಕು. ನನ್ನ ಗಾಡಿಯಲ್ಲಿ ಸೈಲೆನ್ಸರ್ ಬದಿಯ ಒಂದು ನಟ್‌ನ ಪಕ್ಕದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟಿ ಎದ್ದವು, ಮಿಕ್ಕ ಮೂರು ಕಡೆ ಏನೂ ಇಲ್ಲ. ಆ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟೆ. ಹೆಡ್ ತೆಗೆದ ಮೇಲೆ ಆ ಗುರುತು ಬಹಳ ಕೆಲಸಕ್ಕೆ ಬಂತು.

ಇನ್ನು ಏಕೆ ಸೋರುತ್ತದೆ ಎಂಬ ಲೆಕ್ಕ. 65 ಮಿ.ಮೀ. ಬೋರ್ ಎಂದರೆ ಸುಮಾರು 33 ಚದರ ಸೆಂ.ಮೀ. ವಿಸ್ತೀರ್ಣ. ಉರಿಯುವಾಗಿನ ಒತ್ತಡ ಚದರ ಸೆಂಟಿಮೀಟರಿಗೆ 30 ಕೆ.ಜಿ. ಎಂದು ಹಿಡಿದರೂ ಹೆಡ್ ಅನ್ನು ಮೇಲಕ್ಕೆ ನೂಕುವ ಬಲ ಹತ್ತಿರಹತ್ತಿರ ಒಂದು ಟನ್. ಎರಡು ಸ್ಟ್ರೋಕ್ ಆದ್ದರಿಂದ ಇದು ಪ್ರತಿ ಸುತ್ತಿಗೂ ಆಗುತ್ತದೆ: ನಿಮಿಷಕ್ಕೆ 4,750 ಸುತ್ತು ತಿರುಗುವಾಗ ಸೆಕೆಂಡಿಗೆ 79 ಸಲ. ಇದು ಸಾಲದೆಂಬಂತೆ, ಕಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡೂ 150 ಡಿಗ್ರಿ ಏರಿದವು ಎಂದುಕೊಳ್ಳಿ, 100 ಮಿ.ಮೀ. ಅಗಲದಲ್ಲಿ ವ್ಯತ್ಯಾಸ 0.18 ಮಿ.ಮೀ. ಪ್ರತಿ ಸವಾರಿಯಲ್ಲೂ ಹೆಡ್ ಪ್ಯಾಕಿಂಗಿನ ಮೇಲೆ ಅಷ್ಟು ಉಜ್ಜಿಕೊಂಡು ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. ನಟ್‌ಗಳು ಒಂದೊಂದೂ ಒಂದೊಂದು ಬಿಗಿಯಲ್ಲಿದ್ದರೆ ಹೆಡ್ ನಿಧಾನವಾಗಿ ಬಾಗುತ್ತದೆ. ಟೈಮಿಂಗ್ ಮುಂದಿದ್ದು, ಅಂದರೆ ಪ್ಲಗ್ ಬೇಕಾದ್ದಕ್ಕಿಂತ ಮೊದಲೇ ಕಿಡಿ ಕೊಟ್ಟು, ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ಇನ್ನೂ ಬೇಗ.

ಬಿಚ್ಚುವುದು ಹತ್ತು ನಿಮಿಷದ ಕೆಲಸ. ಪೂರ್ತಿ ತಣಿದ ಮೇಲೆ, ನಾಲ್ಕೂ ನಟ್‌ಗಳನ್ನು ಕರ್ಣರೇಖೆಯಲ್ಲಿ ಕಾಲು ಸುತ್ತಿನಂತೆ ಸಡಿಲಿಸುತ್ತ ಹೋಗಿ. ಹೆಡ್ ಅಂಟಿಕೊಂಡಿದ್ದರೆ ಫಿನ್ ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ, ಫಿನ್ ಮುರಿಯುತ್ತದೆ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿದರೆ ಸಾಕು. ಹಳೆಯ ಪ್ಯಾಕಿಂಗ್ ನಾರಿನ ಹಾಳೆಯದಾಗಿದ್ದರೆ ಒಣಗಿದ್ದಾಗ ಉಜ್ಜಬೇಡಿ. ಆ ಕಾಲದ ಎಷ್ಟೋ ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಮಾಡಿ ಕೆರೆಯಿರಿ, ಅದೂ ಬಿದಿರಿನ ಚಕ್ಕೆಯಿಂದ.

ಈಗ ನಾನು ಎರಡು ಸಲ ಬಿಟ್ಟುಬಿಟ್ಟಿದ್ದ ಹಂತ. ಹೆಡ್‌ನ ಮುಖಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಬೆಳಕು ಹಿಡಿದು ನೋಡಿ. ಸಂದಿಯಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿದರೆ ನಾನು ಅದನ್ನು ಸೊಟ್ಟ ಎಂದೇ ಎಣಿಸುತ್ತೇನೆ. ನನ್ನದರಲ್ಲಿ 0.10 ಸಲೀಸಾಗಿ ತೂರಿತು, ಸರಿಯಾಗಿ ಸೀಮೆಸುಣ್ಣದ ಗುರುತಿನ ಬಳಿ. ದಪ್ಪ ಗಾಜಿನ ಹಲಗೆಯ ಮೇಲೆ 320 ನಂಬರಿನ ನೀರಿನ ಎಮರಿ ಕಾಗದ ಹಾಸಿ, ಹೆಡ್‌ನ ಮುಖದ ತುಂಬ ಮಾರ್ಕರ್ ಪೆನ್ನಿನಿಂದ ಗೀಟೆಳೆದು, ಇಂಗ್ಲಿಷಿನ ಎಂಟು ಬರೆಯುವ ಹಾಗೆ ಉಜ್ಜಿದೆ. ಎತ್ತರದ ಜಾಗದ ಗೀಟು ಮೊದಲು ಅಳಿಯುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲ ಗೀಟೂ ಒಟ್ಟಿಗೆ ಅಳಿಯುವವರೆಗೆ ಉಜ್ಜಬೇಕು, ಕೊನೆಗೆ 600 ನಂಬರ್. ಒಂದೇ ಕಡೆ ಭಾರ ಹಾಕಿದರೆ ಹೊಸ ಸೊಟ್ಟ ಹುಟ್ಟುತ್ತದೆ, ಆಗಾಗ ಹೆಡ್ ತಿರುಗಿಸಿ ಹಿಡಿಯಿರಿ. ಮುಖದಲ್ಲಿ ಮೆಟ್ಟಿಲಿನಂಥ ಅಂಚಿದ್ದರೆ ಗಾಜಿನ ಮೇಲೆ ಆಗದು, ಲೇತ್ ಕೆಲಸದವರ ಬಳಿಗೇ ಒಯ್ಯಬೇಕು. ಸಿಲಿಂಡರಿನ ಮುಖವನ್ನೂ ಅಳತೆಪಟ್ಟಿ ಇಟ್ಟು ನೋಡುವುದನ್ನು ಮರೆಯಬೇಡಿ.

ಪ್ಯಾಕಿಂಗ್ ತಾಮ್ರದ್ದಾದರೆ ಹದ ಮಾಡಿಯೇ ಹಾಕಬೇಕು. ಅದುಮಿಸಿಕೊಂಡ ತಾಮ್ರ ಗಡಸಾಗುತ್ತದೆ, ಗಡಸಾದದ್ದು ಸಣ್ಣ ಗೀರುಗಳನ್ನು ತುಂಬುವುದಿಲ್ಲ. ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗೇ ಉಳಿಯುತ್ತದೆ. ಮೇಲೆ ಕೂತ ಕರಿ ತೆಗೆಯಲು ಮನೆಯಲ್ಲಿ ತಾಮ್ರದ ಚೊಂಬು ತಿಕ್ಕುವ ಹುಣಸೆಹಣ್ಣೇ ಸಾಕು. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಅಲ್ಯೂಮಿನಿಯಂ ಪ್ಯಾಕಿಂಗಿಗೆ ಈ ಕೆಂಪಿನ ಲೆಕ್ಕ ನಡೆಯದು. ಅದು ಬಣ್ಣ ತಿರುಗುವ ಮೊದಲೇ 660 ಡಿಗ್ರಿಯಲ್ಲಿ ಕರಗಿ ಬೀಳುತ್ತದೆ. ಅದಕ್ಕೆ ಬಟ್ಟೆ ಸೋಪು ಉಜ್ಜಿ ಕಾಯಿಸಿ, ಸೋಪು ಕಪ್ಪಾದ ಕೂಡಲೇ ಬೆಂಕಿ ತೆಗೆಯಬೇಕು.

ಎರಡು ಪ್ಯಾಕಿಂಗ್ ಒಂದರ ಮೇಲೊಂದು ಹಾಕಿದರೆ ಸೋರಿಕೆ ನಿಲ್ಲುತ್ತದೆ ಎನ್ನುವವರಿದ್ದಾರೆ. ಅರ್ಧ ಮಿ.ಮೀ. ದಪ್ಪ ಹೆಚ್ಚಿದರೆ ದಹನದ ಜಾಗ ಸುಮಾರು 1.7 ಸಿಸಿ ಹಿಗ್ಗಿ ಕಂಪ್ರೆಶನ್ ಇಳಿಯುತ್ತದೆ, ಸೋರಲು ಇನ್ನೊಂದು ದಾರಿಯೂ ಸಿಗುತ್ತದೆ. ಕೆಂಪು ಸಿಲಿಕೋನ್ ಪೇಸ್ಟ್ ಕೂಡ ಇಲ್ಲಿ ಬೇಡ, ಪೆಟ್ರೋಲ್ ಮತ್ತು ಬೆಂಕಿಯ ನಡುವೆ ಅದು ನಿಲ್ಲುವುದಿಲ್ಲ.

ಬಿಗಿಯುವಾಗ ಕೈಪಿಡಿಯ ಅಂಕಿಯನ್ನು ಮೂರು ಹಂತಗಳಲ್ಲಿ, ಕರ್ಣರೇಖೆಯಲ್ಲೇ ಮುಟ್ಟಿ. ಹಳೆಯ ಕೈಪಿಡಿಗಳು ಕಿಲೋಗ್ರಾಂ ಮೀಟರಿನಲ್ಲಿ ಮಾತಾಡುತ್ತವೆ, ಇಂದಿನ ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್) ನ್ಯೂಟನ್ ಮೀಟರಿನಲ್ಲಿ: ಕೈಪಿಡಿಯಲ್ಲಿ 1 ಎಂದಿದ್ದರೆ ರೆಂಚ್‌ನಲ್ಲಿ 9.8. ಗೆಳೆಯನೊಬ್ಬ ಈ ಗುಣಾಕಾರವನ್ನು ಎರಡು ಸಲ ಮಾಡಿ, ನಟ್ ಕೂರುವ ಸ್ಟಡ್ಡನ್ನೇ ಕಿತ್ತ.

ಮೊದಲ ಸಲ ಹತ್ತು ನಿಮಿಷ ಓಡಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಮತ್ತೆ ರೆಂಚ್ ಹಾಕಿ. ನನ್ನ ನಾಲ್ಕು ನಟ್‌ಗಳಲ್ಲಿ ಮೂರು ಸ್ವಲ್ಪಸ್ವಲ್ಪ ತಿರುಗಿದವು. ಐವತ್ತು ಕಿಲೋಮೀಟರ್ ಆದ ಮೇಲೆ ನೋಡಿದಾಗ ಒಂದೂ ಅಲುಗಲಿಲ್ಲ. ಸೋಪಿನ ನೀರು ಹಚ್ಚಿ ಕಿಕ್ ಕೊಟ್ಟೆ: ಗುಳ್ಳೆ ಬಂತು, ಆದರೆ ಪ್ಲಗ್‌ನ ಬುಡದಿಂದ. ವಾಷರ್ ಬದಲಿಸಬೇಕು.