ಹಳೆಯ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಬೇಡ

ಎಂಜಿನ್ ಓವರ್‌ಹಾಲ್ ಮಾಡಿಸುವಾಗ ಪಿಸ್ಟನ್, ರಿಂಗ್, ಬೇರಿಂಗ್‌ಗಳಿಗೆ ಹಿಂದೆಮುಂದೆ ನೋಡದೆ ಖರ್ಚು ಮಾಡುವವರೂ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮನ್ನು ಓಡಿಸುವ ಟೈಮಿಂಗ್ ಚೈನಿನ ಸರದಿ ಬಂದಾಗ ‘ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಚೆನ್ನಾಗಿಯೇ ಇದೆ, ಚೈನ್ ಮಾತ್ರ ಬದಲಿಸಿ’ ಎನ್ನುತ್ತಾರೆ. ಇದಕ್ಕೆ ನಾನು ಒಪ್ಪುವುದಿಲ್ಲ. ಚೈನ್ ಉದ್ದವಾಗಿದೆ ಎಂದು ರೂಢಿಯಲ್ಲಿ ಹೇಳಿದರೂ ಅದರ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಬುಷ್ಷುಗಳು ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಒಟ್ಟುಗೂಡಿ ಚೈನ್ ಜೋಲುತ್ತದೆ. ಅದರೊಡನೆ ಓಡಿದ ಹಲ್ಲುಗಳೂ ಸವೆದಿರುತ್ತವೆ. ಕ್ಯಾಮ್ ಒಂದು ಸುತ್ತು ತಿರುಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವುದರಿಂದ ಅದರ ಚಿಕ್ಕ ಸ್ಪ್ರಾಕೆಟ್ ಮೊದಲು ಸೋಲುತ್ತದೆ. ಹಲ್ಲಿನ ಬದಿಯಲ್ಲಿ ಉಗುರು ಆಡಿಸಿದರೆ ತಡೆಯುವ ಸಣ್ಣ ಅಂಚೇ ಅದರ ಗುರುತು. ಅಂಥ ಹಲ್ಲಿನ ಮೇಲೆ ಕೂರಿಸಿದ ಹೊಸ ಚೈನ್ ಬೇಗ ಸವೆಯುತ್ತದೆ. ಚೈನ್ ಸಡಿಲವಾದಂತೆ ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚಿ, ಕಡಿಮೆ ವೇಗದಲ್ಲಿ ಎಂಜಿನ್ನಿನ ಎಳೆತ ಕುಗ್ಗುತ್ತದೆ. ಆದ್ದರಿಂದ ಚೈನ್, ಸ್ಪ್ರಾಕೆಟ್‌ಗಳು, ಚೈನನ್ನು ಬಿಗಿ ಹಿಡಿಯುವ ಟೆನ್ಷನರ್, ದಾರಿ ತಪ್ಪದಂತೆ ಹಿಡಿಯುವ ಗೈಡ್ ಎಲ್ಲವನ್ನೂ ಒಂದೇ ಸೆಟ್ಟಾಗಿ ಬದಲಿಸಬೇಕು.

ಸದ್ದು ಕಡಿಮೆಯಾಗಲೆಂದು ಕೆಲವು ಹಳೆಯ ಎಂಜಿನ್‌ಗಳ ಕ್ಯಾಮ್ ಸ್ಪ್ರಾಕೆಟ್‌ಗೆ ನೈಲಾನ್ ಹಲ್ಲು ಕೊಟ್ಟಿರುತ್ತಿದ್ದರು. ವರ್ಷಗಳ ಬಿಸಿಗೆ ಅದು ಪೆಡಸಾಗಿ ಒಡೆದು, ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತವೆ. ಅಂಥಲ್ಲಿ ಪೂರ್ಣ ಲೋಹದ್ದನ್ನೇ ಹಾಕಬೇಕು, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪನ್ನೂ ಬಿಚ್ಚಿ ನೋಡಬೇಕು. ಎರಡು ಸಾಲಿನ ರೋಲರ್ ಚೈನ್ ಗಟ್ಟಿಯಾದದ್ದು, ಆದರೆ ಕವರಿನೊಳಗೆ ಅದಕ್ಕೆ ಜಾಗವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಚೈನೇ ಇಲ್ಲದ ಗಿಯರ್ ಜೋಡಣೆಯನ್ನು ದಿನಬಳಕೆಯ ವಾಹನಕ್ಕೆ ನಾನು ಹೇಳುವುದಿಲ್ಲ. ಅದರ ಸದ್ದು ಹೆಚ್ಚು.

ಬಹಳ ಮಂದಿ ಮರೆಯುವುದು ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನ ಅಳತೆಯನ್ನು. ಕ್ಯಾಮ್ ಬ್ಲಾಕಿನೊಳಗೇ ಇರುವ ಎಂಜಿನ್‌ಗೆ ಲೈನ್ ಬೋರಿಂಗ್ (ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಒಂದೇ ಸಾಲಿಗೆ ಬರುವಂತೆ ಕೊರೆಯುವುದು) ಮಾಡಿಸಿದರೆ ಕ್ರ್ಯಾಂಕ್ ತುಸು ಮೇಲೇರಿ ಕ್ಯಾಮ್‌ಗೆ ಹತ್ತಿರವಾಗುತ್ತದೆ, ಹೊಸ ಚೈನೂ ಮೊದಲ ದಿನವೇ ಸಡಿಲವೆನಿಸುತ್ತದೆ. ಇದಕ್ಕಾಗಿಯೇ ಕೆಲವು ಎಂಜಿನ್‌ಗಳಿಗೆ ಕ್ರ್ಯಾಂಕ್, ಕ್ಯಾಮ್‌ಗಳ ನಡುವಿನ ಅಂತರ 0.005 ಅಥವಾ 0.010 ಇಂಚು ಕಡಿಮೆಯಾದಾಗ ಹೊಂದುವ ಸೆಟ್‌ಗಳು ಸಿಗುತ್ತವೆ. ಬ್ಲಾಕ್ ಕೆಲಸ ಮುಗಿದು ಬಂದ ಮೇಲೆಯೇ ಸೆಟ್ ತರಿಸಿ ಎಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಜೋಡಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಎಲ್ಲಿಯಾದರೂ ತಡೆದರೆ ಬಲ ಹಾಕಬಾರದು, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಸ್ಪ್ರಾಕೆಟ್‌ಗಳ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದಿದ್ದರೆ ಸರಿ. ಜೋಡಿಸುವಾಗ ಗುರುತಿಗೆ ಹೊಂದಿಸಲೆಂದು ಚೈನಿನಲ್ಲಿ ಕೊಟ್ಟಿರುವ ಬಣ್ಣದ ಕೊಂಡಿಗಳು ಮಾತ್ರ ಹಲವು ಸುತ್ತುಗಳ ನಂತರವೇ ಗುರುತಿಗೆ ಬರುವುದರಿಂದ, ಅವು ಕೂಡಿಲ್ಲವೆಂದು ಗಾಬರಿಯಾಗಿ ಮತ್ತೆ ಬಿಚ್ಚಬೇಕಿಲ್ಲ.